ವಾಸಿಯಾಗದ ಹುಣ್ಣನ್ನು ಅಲಕ್ಷಿಸಬೇಡಿ



ಈ ಪುಟಗಳಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಪೇಟೆ ಧಾರಣೆಗಳ ವಿಷಯ ಬರೆಯುತ್ತೇನೆ. ಈ ಸಲ ಬೆಳೆಯ ರೋಗವನ್ನು ಬಿಟ್ಟು ಬೆಳೆಗಾರನ ಮೈಗೆ ಬರುವ ಒಂದು ರೋಗದ ಬಗ್ಗೆ ಬರೆಯಬೇಕಾಗಿದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ಗುಬ್ಬಿ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನವರಿಗೆ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಕಡಲೆಕಾಳಿನಷ್ಟು ಕಪ್ಪು ಗಂಟೊಂದು ಎದ್ದಿತ್ತು. ನೋವಿಲ್ಲ, ತುರಿಕೆಯಿಲ್ಲ. ಕೇಳಿದರೆ "ಮಚ್ಚೆ ಕಣಪ್ಪ, ಬಿಡು" ಎನ್ನುತ್ತಿದ್ದರು. ಕನ್ನಡಕ ತಗುಲಿ ರಕ್ತ ಒಸರುವುದು, ಹಕ್ಕಳೆ ಕಟ್ಟುವುದು, ಅದು ಉದುರಿ ಮತ್ತೆ ರಕ್ತ. ಹೀಗೆ ಮೂರು ವರ್ಷ ಕಳೆಯಿತು. ಪ್ರತಿ ಹಬ್ಬಕ್ಕೂ ಹೋಗಿ ನೋಡುತ್ತಿದ್ದ ನಾನು, ವಿಜ್ಞಾನ ಓದಿದವನು, ಸುಮ್ಮನಿದ್ದೆ. ಕೊನೆಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಉಳಿಯಿತು. ಆದರೆ ಕೆಳರೆಪ್ಪೆಯ ಒಂದು ಭಾಗವೂ ಕಣ್ಣೀರಿನ ನಾಳವೂ ಹೋದವು. ಇಂದಿಗೂ ಆ ಕಣ್ಣಿನಲ್ಲಿ ನೀರು ಸುರಿಯುತ್ತಲೇ ಇರುತ್ತದೆ. ಮೊದಲ ವರ್ಷವೇ ತೋರಿಸಿದ್ದರೆ ನಾಲ್ಕು ಹೊಲಿಗೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ.

ಈ ರೋಗದ ಹೆಸರು ಬೇಸಲ್ ಸೆಲ್ ಕಾರ್ಸಿನೋಮ. ಹೊರಚರ್ಮದ ತಳಪದರದ ಜೀವಕೋಶಗಳು ಹದ್ದು ಮೀರಿ ಬೆಳೆಯುವುದರಿಂದ ಉಂಟಾಗುವ ಕ್ಯಾನ್ಸರ್ ಇದು. ೧೮೨೭ರಲ್ಲಿ ಡಬ್ಲಿನ್ ನಗರದ ವೈದ್ಯ ಆರ್ಥರ್ ಜೇಕಬ್ ಎಂಬವರು ಕಣ್ಣುರೆಪ್ಪೆಗೆ ಬರುವ ವಿಶಿಷ್ಟ ಹುಣ್ಣೆಂದು ಇದನ್ನು ವರ್ಣಿಸಿದರು. ಮೆಲ್ಲಮೆಲ್ಲನೆ ಕೊರೆದು ತಿನ್ನುವುದೇ ಇದರ ಸ್ವಭಾವ.

ರೋಗಿಗಳಲ್ಲಿ ಕಾಣುವ ಲಕ್ಷಣಗಳು

ಈ ರೋಗದಿಂದ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ೫೦ ವರ್ಷ ದಾಟಿದವರು. ಸುಮಾರಾಗಿ ಐವರಲ್ಲಿ ನಾಲ್ವರಿಗೆ ಇದು ತಲೆ, ಮುಖ ಅಥವಾ ಕುತ್ತಿಗೆಯಲ್ಲಿರುತ್ತದೆ; ಅದರಲ್ಲೂ ಮೂಗು, ಕೆನ್ನೆ, ಕಣ್ಣಿನ ಸುತ್ತ ಹೆಚ್ಚು. ಬಿಳಿಯರಲ್ಲಿ ಮುತ್ತಿನಂತೆ ಹೊಳೆಯುವ ಗುಲಾಬಿ ಬಣ್ಣದ ಗಂಟಾಗಿ ಕಂಡರೆ, ನಮ್ಮ ಮೈಬಣ್ಣದವರಲ್ಲಿ ಬಹುಮಟ್ಟಿಗೆ ಕಪ್ಪು ಇಲ್ಲವೇ ಕಂದು ಬಣ್ಣದ್ದಾಗಿರುತ್ತದೆ. ಮಚ್ಚೆಯೆಂದು ಮೋಸಹೋಗುವುದು ಇಲ್ಲಿಯೇ. ಅಂಚು ದಾರದಂತೆ ಉಬ್ಬಿ ಹೊಳೆಯುತ್ತದೆ. ನಡುವೆ ತಗ್ಗಾಗಿ ಹುಣ್ಣಾಗುತ್ತದೆ. ನೋವಿಲ್ಲದ ಕಾರಣ ವೈದ್ಯರ ಬಳಿ ಹೋಗುವ ವೇಳೆಗೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ನಮ್ಮ ದೇಶದ ಆಸ್ಪತ್ರೆಗಳ ವರದಿಗಳಲ್ಲಿ ಹೆಂಗಸರ ಸಂಖ್ಯೆಯೂ ಕಡಿಮೆಯೇನಿಲ್ಲ.

ಮುಖ್ಯ ಕಾರಣ ಬಿಸಿಲು. ಬಾಲ್ಯದಿಂದ ಮೈಮೇಲೆ ಬಿದ್ದ ಬಿಸಿಲಿನ ಲೆಕ್ಕವನ್ನು ಚರ್ಮ ಮರೆಯುವುದಿಲ್ಲ. ನಮ್ಮ ಚರ್ಮದ ಕಪ್ಪು ಬಣ್ಣ ದೊಡ್ಡ ರಕ್ಷಣೆಯಾದ್ದರಿಂದ ಈ ರೋಗ ನಮ್ಮಲ್ಲಿ ವಿರಳ. ಆದರೆ ವಿರಳವೆಂದರೆ ಇಲ್ಲವೆಂದಲ್ಲ. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ ತಿರುವುವವರು, ಕಾಫಿ ಕಣದಲ್ಲಿ ದಿನವಿಡೀ ನಿಲ್ಲುವವರು ನೆನಪಿಡಬೇಕು. ಪಾಷಾಣ, ಅಂದರೆ ಆರ್ಸೆನಿಕ್ ಬೆರೆತ ನೀರನ್ನು ಬಹುಕಾಲ ಕುಡಿಯುವುದೂ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಭಯಬೇಡ, ತಡವೂ ಬೇಡ

ಕ್ಯಾನ್ಸರ್ ಎಂಬ ಹೆಸರು ಕೇಳಿಯೇ ಎದೆಗೆಡಬೇಕಾಗಿಲ್ಲ. ಇದು ಶರೀರದ ಬೇರೆ ಅಂಗಗಳಿಗೆ ಹರಡುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ಅಣಬೆ ರೋಗದಲ್ಲಿ ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ಮರ ಒಳಗೇ ಹಾಳಾಗಿರುತ್ತದೆ. ಇದು ಹಾಗಲ್ಲ, ಮೊದಲ ದಿನದಿಂದಲೂ ಮುಖದ ಮೇಲೆಯೇ ಕಾಣುತ್ತಿರುತ್ತದೆ. ಆದರೆ ಬಿಟ್ಟರೆ ಇದ್ದಲ್ಲೇ ಮೂಗು, ರೆಪ್ಪೆ, ಮೂಳೆಗಳನ್ನು ತಿನ್ನುತ್ತ ಹೋಗುತ್ತದೆ.

ಮೊದಲು ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ರೋಗ ಖಚಿತವಾದರೆ, ಗಂಟು ಚಿಕ್ಕದಿದ್ದಲ್ಲಿ, ಆ ಜಾಗವನ್ನು ಮರಗಟ್ಟಿಸುವ ಸೂಜಿ ಕೊಟ್ಟು, ಸುತ್ತಲಿನ ಸುಮಾರು ೪ ಮಿಲಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ತೆಂಗಿನ ಕಾಂಡದಲ್ಲಿ ರಸ ಸೋರಿದಾಗ ಒಳ್ಳೆಯ ಭಾಗ ಸಿಗುವವರೆಗೆ ಕೆತ್ತುವ ಕ್ರಮವೇ ಇದು. ಹೀಗೆ ತೆಗೆದ ಚಿಕ್ಕ ಗಂಟುಗಳು ನೂರಕ್ಕೆ ೯೫ರಷ್ಟು ಪೂರ್ತಿ ಗುಣವಾಗುತ್ತವೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ ವಿಕಿರಣ ಚಿಕಿತ್ಸೆಯೂ ಉಂಟು.

ನಾಲ್ಕು ವಾರವಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಮಚ್ಚೆ, ಹೊಸದಾಗಿ ಎದ್ದು ಬೆಳೆಯುತ್ತಿರುವ ಗಂಟು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ. ಸುಣ್ಣ, ಆಸಿಡ್ ಹಚ್ಚಿ ಸುಡಬೇಡಿ. ಮೇಲೆ ಮಾಯ್ದಂತೆ ಕಂಡು ಒಳಗೆ ಬೆಳೆಯುತ್ತದೆ. ಗುಬ್ಬಿ, ಕುಣಿಗಲ್ಲಿನವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಜೊತೆಯಲ್ಲಿರಲಿ. ಸರ್ಕಾರದ ಆರೋಗ್ಯ ಯೋಜನೆಯ ನೆರವಿಗೆ ಅವು ಬೇಕಾಗುತ್ತವೆ.

ಬಿಸಿಲಿನ ಕೆಲಸಕ್ಕೆ ಅಗಲ ಅಂಚಿನ ಟೋಪಿಯೋ, ಮುಖಕ್ಕೆ ನೆರಳಾಗುವಂತೆ ಸುತ್ತಿದ ಟವೆಲ್ಲೋ ಇರಲಿ. ನಡುಹಗಲಿನ ಕೆಲಸವನ್ನು ಸಾಧ್ಯವಾದಷ್ಟೂ ಬೆಳಿಗ್ಗೆ ಸಂಜೆಗೆ ಹಂಚಿಕೊಳ್ಳಿ. ಸಂಘದ ತೂಕದ ಕೋಣೆಯಲ್ಲಿ ಒಂದು ಕನ್ನಡಿ ಹಾಕಿಸಿದ್ದೇನೆ. ಅಡಿಕೆಯ ತೂಕವಾಗುವ ಹೊತ್ತಿನಲ್ಲಿ ಒಮ್ಮೆ ಮುಖ ನೋಡಿಕೊಳ್ಳಿ. ಮನೆಯಲ್ಲಿ ಹಿರಿಯರ ಮುಖವನ್ನೂ ನೋಡಿ. ನೋಡಿಯೂ ಸುಮ್ಮನಿರಬೇಡಿ.

ಕಾರ್ಯದರ್ಶಿ