ಠಾಣೆಯಿಂದ ಕೋರ್ಟಿನವರೆಗೆ: ದಾಖಲೆ ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು?

ಕೆಲವು ವರ್ಷಗಳ ಹಿಂದಿನ ಮಾತು. ಸಂಜೆ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಕಡಲ ಬದಿಯ ಊರಿನ ಒಬ್ಬ ತಾಯಿ ಬಂದರು. ಮಗ ಬೋಟಿಗೆ ಹೋಗುವವನು. ಹಿಂದಿನ ರಾತ್ರಿ ಜೀಪಿನಲ್ಲಿ ಬಂದವರು "ಸ್ವಲ್ಪ ವಿಚಾರಣೆ ಉಂಟು" ಅಂತ ಅವನನ್ನು ಕರ್ಕೊಂಡು ಹೋದರಂತೆ. ಯಾವ ಠಾಣೆ, ಎಂತ ಕೇಸು, ಒಂದೂ ಗೊತ್ತಿಲ್ಲ. ಬೆಳಿಗ್ಗೆಯಿಂದ ಮೂರು ಠಾಣೆ ಸುತ್ತಿದ್ದರು. "ಇಲ್ಲಿಗೆ ತಂದಿಲ್ಲ" ಎಂಬ ಉತ್ತರ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ನಾವು ಕಂಟ್ರೋಲ್ ರೂಮಿಗೆ ಫೋನ್ ಮಾಡಿ ವಿಚಾರಿಸಿದೆವು. ಅರ್ಧ ಗಂಟೆಯಲ್ಲಿ ವಿಷಯ ತಿಳಿಯಿತು. ಹುಡುಗನನ್ನು ಮಧ್ಯಾಹ್ನವೇ ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳುಹಿಸಿಯಾಗಿತ್ತು. ಕೋರ್ಟಿನಲ್ಲಿ ಅವನವರು ಅಂತ ಯಾರೂ ಇರಲಿಲ್ಲ.

ಆ ತಾಯಿ ಕೇಳಿದ ಪ್ರಶ್ನೆ ಇಂದಿಗೂ ನಮಗೆ ನೆನಪಿದೆ: "ಇದನ್ನೆಲ್ಲ ನಾವು ಕೇಳಬಹುದಾ? ಕೇಳಿದರೆ ಹೇಳ್ತಾರಾ?"

ಕೇಳಬಹುದು. ಹೇಳಲೇಬೇಕು. ದಸ್ತಗಿರಿಯ ವಿವರ, ಎಫ್‌ಐಆರ್, ಕೋರ್ಟಿನ ಆದೇಶ ಇವುಗಳಲ್ಲಿ ಹೆಚ್ಚಿನವು ಜನರಿಗೆ ಸಿಗಬೇಕಾದ ದಾಖಲೆಗಳು. ಆದರೆ ಎಲ್ಲಿ, ಯಾವ ನಂಬರು ಹಿಡಿದು ಕೇಳಬೇಕು ಎಂದು ಗೊತ್ತಿಲ್ಲದಿದ್ದರೆ ಬಾಗಿಲು ಬಾಗಿಲು ಅಲೆಯುವುದೇ ಆಗುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಕರಾವಳಿ ಜಿಲ್ಲೆಗಳ ಜನರಿಗಾಗಿ ಆ ದಾರಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ತಿಳಿಯಬೇಕಾದದ್ದು: ಯಾವ ಪೊಲೀಸರು?

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ದಕ್ಷಿಣ ಕನ್ನಡ ಒಂದೇ ಜಿಲ್ಲೆಯಾದರೂ ಅಲ್ಲಿ ಪೊಲೀಸ್ ವ್ಯವಸ್ಥೆ ಎರಡು. 2010ರಲ್ಲಿ ಮಂಗಳೂರಿಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಆಯಿತು. ನಗರ ಮಾತ್ರವಲ್ಲ, ಉಳ್ಳಾಲ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಬಜಪೆ ಠಾಣೆಗಳೂ ಕಮಿಷನರ್ ಕೈಕೆಳಗೆ ಬರುತ್ತವೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಕಡೆಯ ಠಾಣೆಗಳು ಜಿಲ್ಲಾ ಎಸ್‌ಪಿಯವರಿಗೆ ಸೇರಿದವು. ಎರಡಕ್ಕೂ ಬೇರೆ ಬೇರೆ ಕಂಟ್ರೋಲ್ ರೂಂ. ಒಂದು ಕಡೆ "ಇಲ್ಲ" ಅಂದರೆ ಇನ್ನೊಂದು ಕಡೆಯೂ ಕೇಳಿ.

ಇದಲ್ಲದೆ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರಿಗೆ ತಮ್ಮದೇ ಠಾಣೆಗಳಿವೆ. ಸಮುದ್ರದಲ್ಲಿ ನಡೆದ ವಿಷಯವಾದರೆ ಅಲ್ಲಿ ವಿಚಾರಿಸಬೇಕು. ಸೈಬರ್ ವಂಚನೆ, ಮಾದಕ ದ್ರವ್ಯದ ಕೇಸುಗಳನ್ನು ಅನೇಕ ಸಲ 'ಸೆನ್' ಠಾಣೆ ನೋಡುತ್ತದೆ. ಅಬಕಾರಿ ಮತ್ತು ಅರಣ್ಯ ಇಲಾಖೆಯವರೂ ದಸ್ತಗಿರಿ ಮಾಡಬಹುದು. ಆ ಕಡತ ಪೊಲೀಸ್ ಠಾಣೆಯಲ್ಲಿ ಇರುವುದಿಲ್ಲ, ಆಯಾ ಇಲಾಖೆಯಲ್ಲಿಯೇ ಇರುತ್ತದೆ. ಮಂಜೇಶ್ವರ, ಕಾಸರಗೋಡಿನಲ್ಲಿ ಕೇಸಾದರೆ ಕೇರಳ ಪೊಲೀಸರ ದಾಖಲೆ ನೋಡಬೇಕು. ಕಾರವಾರದಾಚೆ ಆದರೆ ಗೋವಾದ್ದು.

ದಸ್ತಗಿರಿಯಾದಾಗ ಮನೆಯವರ ಹಕ್ಕು

ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಕೊಟ್ಟ ತೀರ್ಪು ಇದಕ್ಕೆ ತಳಹದಿ. ಅದರ ಮುಖ್ಯ ಅಂಶಗಳು ಆಮೇಲೆ ಕಾನೂನಿನಲ್ಲಿಯೇ ಸೇರಿದವು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ:

1. ದಸ್ತಗಿರಿ ಮಾಡುವಾಗ ಮೆಮೊ ಬರೆಯಬೇಕು. ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ದಸ್ತಗಿರಿಯಾದವನ ಸಹಿಯೂ ಬೇಕು.

2. ಯಾಕೆ ದಸ್ತಗಿರಿ ಎಂಬ ಕಾರಣ ಅವನಿಗೆ ತಿಳಿಸಬೇಕು. ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ಅವನು ಹೇಳಿದ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಕೂಡಲೇ ತಿಳಿಸಬೇಕು.

3. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದಾರಿಯ ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ಇದು ಸಂವಿಧಾನದ 22ನೇ ವಿಧಿಯ ಮಾತು.

4. ಸಂಹಿತೆಯ 37ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಮತ್ತು ಪ್ರತಿ ಠಾಣೆಯಲ್ಲಿ ದಸ್ತಗಿರಿಯ ಮಾಹಿತಿಗೆಂದೇ ಒಬ್ಬ ಅಧಿಕಾರಿ ಇರಬೇಕು. ಅವರು ಎಎಸ್‌ಐ ದರ್ಜೆಗಿಂತ ಕೆಳಗಿನವರಾಗಿರಬಾರದು. ದಸ್ತಗಿರಿಯಾದವರ ಹೆಸರು, ವಿಳಾಸ, ಅಪರಾಧದ ಸ್ವರೂಪ ಇವನ್ನು ಠಾಣೆಯಲ್ಲಿ ಮತ್ತು ಜಿಲ್ಲಾ ಕೇಂದ್ರದಲ್ಲಿ ಎದ್ದು ಕಾಣುವಂತೆ ಪ್ರಕಟಿಸಬೇಕು.

ಆದ್ದರಿಂದ ಠಾಣೆಗೆ ಹೋದಾಗ "ನಮ್ಮ ಹುಡುಗ ಇಲ್ಲಿದ್ದಾನಾ?" ಎಂದು ಮಾತ್ರ ಕೇಳಿ ಬರಬೇಡಿ. "ದಸ್ತಗಿರಿ ಮಾಹಿತಿ ನೋಡಿಕೊಳ್ಳುವ ಅಧಿಕಾರಿ ಯಾರು? ಅಪರಾಧ ಸಂಖ್ಯೆ ಎಷ್ಟು? ಯಾವ ಕೋರ್ಟಿಗೆ, ಎಷ್ಟು ಗಂಟೆಗೆ ಹಾಜರುಪಡಿಸುತ್ತೀರಿ?" ಎಂದು ಕೇಳಿ. ಹೇಳಿದ್ದನ್ನು ಬರೆದುಕೊಳ್ಳಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಒಳ್ಳೆಯದು. ಜಗಳ ಬೇಡ, ಅಂಜಿಕೆಯೂ ಬೇಡ.

ಎಫ್‌ಐಆರ್ ಪಡೆಯುವುದು

ದೂರು ಕೊಟ್ಟವರಿಗೂ ನೊಂದವರಿಗೂ ಎಫ್‌ಐಆರ್ ಪ್ರತಿಯನ್ನು ಠಾಣೆಯಲ್ಲಿ ಉಚಿತವಾಗಿ ಕೊಡಬೇಕು. ಆರೋಪಿಯ ಕಡೆಯವರೂ ಕೇಳಬಹುದು. 2016ರಲ್ಲಿ ಸುಪ್ರೀಂ ಕೋರ್ಟು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆರೋಪಿ ಅಥವಾ ಅವನ ಪರವಾಗಿ ಬಂದವರು ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಿದರೆ 24 ಗಂಟೆಯೊಳಗೆ ಪ್ರತಿ ಕೊಡಬೇಕು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ನೆಟ್‌ವರ್ಕ್ ತೊಂದರೆ ಇರುವ ಜಾಗದಲ್ಲಿ ಹೆಚ್ಚೆಂದರೆ 72 ಗಂಟೆ.

ಕರ್ನಾಟಕ ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಹುಡುಕುವ ಜಾಗವಿದೆ. ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರು, ವರ್ಷ ಇವಿಷ್ಟು ಬೇಕು. ಮಂಗಳೂರಿನ ಕೇಸು ಹುಡುಕುವಾಗ ಮಂಗಳೂರು ನಗರವನ್ನು ಬೇರೆಯಾಗಿ ಆರಿಸಿಕೊಳ್ಳಬೇಕು ಎಂಬುದನ್ನು ಮರೆಯಬೇಡಿ.

ಕೋರ್ಟಿನಲ್ಲಿ ನಂಬರು ಬದಲಾಗುತ್ತದೆ

"ಠಾಣೆಯಲ್ಲಿ ಕೊಟ್ಟ ನಂಬರು ಹೇಳಿದರೆ ಕೋರ್ಟಿನಲ್ಲಿ ಸಿಗುವುದಿಲ್ಲ" ಎಂದು ಅನೇಕರು ಬೇಸರ ಮಾಡಿಕೊಳ್ಳುತ್ತಾರೆ. ಕಾರಣ ಸುಲಭ. ಠಾಣೆಯಲ್ಲಿ ಇರುವುದು ಅಪರಾಧ ಸಂಖ್ಯೆ. ಪೊಲೀಸರು ದೋಷಾರೋಪಣಾ ಪಟ್ಟಿ ಅಂದರೆ ಚಾರ್ಜ್‌ಶೀಟ್ ಹಾಕಿ, ಕೋರ್ಟು ಅದನ್ನು ಸ್ವೀಕರಿಸಿದ ಮೇಲೆ ಸಿ.ಸಿ. ನಂಬರು ಬೀಳುತ್ತದೆ. ಗಂಭೀರ ಅಪರಾಧವಾಗಿ ಸೆಷನ್ಸ್ ಕೋರ್ಟಿಗೆ ಹೋದರೆ ಎಸ್.ಸಿ. ನಂಬರು. ಒಂದೇ ಕೇಸಿಗೆ ಹೀಗೆ ಎರಡು ಮೂರು ನಂಬರುಗಳು ಇರಬಹುದು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.

ಇವೆಲ್ಲಕ್ಕಿಂತ ಉಪಯೋಗದ್ದು ಸಿಎನ್‌ಆರ್ ನಂಬರು. ಇದರಲ್ಲಿ 16 ಅಕ್ಷರ ಮತ್ತು ಅಂಕಿಗಳಿವೆ. ಮೊದಲ ಎರಡು ಅಕ್ಷರ ರಾಜ್ಯಕ್ಕೆ, ಕರ್ನಾಟಕಕ್ಕೆ 'ಕೆ ಎ'. ಮುಂದಿನ ಎರಡು ಜಿಲ್ಲೆಗೆ. ಕೊನೆಯ ನಾಲ್ಕು ಅಂಕಿ ವರ್ಷ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲಿ ಈ ಒಂದು ನಂಬರು ಹಾಕಿದರೆ ಸಾಕು. ಕೇಸು ಯಾವ ಕೋರ್ಟಿನಲ್ಲಿದೆ, ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಲ್ಲ ಕಾಣುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಸಿಎನ್‌ಆರ್ ಗೊತ್ತಿಲ್ಲದಿದ್ದರೆ ಎಫ್‌ಐಆರ್ ನಂಬರಿನಿಂದ, ವಕೀಲರ ಹೆಸರಿನಿಂದ ಅಥವಾ ಪಕ್ಷಗಾರರ ಹೆಸರಿನಿಂದ ಹುಡುಕಬಹುದು. ಹೆಸರಿನಿಂದ ಹುಡುಕುವಾಗ ನಮ್ಮ ಕರಾವಳಿಯಲ್ಲಿ ಒಂದು ತೊಡಕು ಉಂಟು. ಡಿಸೋಜ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಕೂಡಿಸಿ ಬರೆಯುತ್ತಾರೆ, ಒಬ್ಬರು ಜಾಗ ಬಿಟ್ಟು ಬರೆಯುತ್ತಾರೆ. ಪೂಜಾರಿ ಎಂಬುದನ್ನು ಒಬ್ಬರು ಎರಡು 'ಓ' ಹಾಕಿ, ಇನ್ನೊಬ್ಬರು ಒಂದು 'ಯು' ಹಾಕಿ ಬರೆಯುತ್ತಾರೆ. ಒಂದು ರೀತಿಯಲ್ಲಿ ಸಿಗದಿದ್ದರೆ ಇನ್ನೊಂದು ರೀತಿಯಲ್ಲಿ ನೋಡಿ. ನಡೆಯುತ್ತಿರುವ ಕೇಸು, ಮುಗಿದ ಕೇಸು ಎರಡನ್ನೂ ನೋಡಿ.

ಮೊಬೈಲ್ ಬಳಸಲು ಬಾರದವರು ಕೋರ್ಟಿನ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು. ಮೇಲ್ಮನವಿ ಅಥವಾ ಜಾಮೀನು ಅರ್ಜಿ ಹೈಕೋರ್ಟಿಗೆ ಹೋಗಿದ್ದರೆ ದಕ್ಷಿಣ ಕನ್ನಡ ಮತ್ತು ಉಡುಪಿಯವರು ಬೆಂಗಳೂರು ಪೀಠದಲ್ಲಿ, ಉತ್ತರ ಕನ್ನಡದವರು ಧಾರವಾಡ ಪೀಠದಲ್ಲಿ ಹುಡುಕಬೇಕು.

ಜಾಲತಾಣದಲ್ಲಿ ಕಂಡದ್ದು ಮಾಹಿತಿಗೆ ಮಾತ್ರ. ಪಾಸ್‌ಪೋರ್ಟ್ ಕಚೇರಿಗೋ ಕೆಲಸಕ್ಕೋ ಕೊಡಲು ಮೊಹರು ಹಾಕಿದ ದೃಢೀಕೃತ ಪ್ರತಿ ಬೇಕು. ಅದಕ್ಕೆ ಆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು.

ಎಲ್ಲವೂ ಎಲ್ಲರಿಗೂ ಸಿಗುವುದಿಲ್ಲ

ಕೆಲವು ದಾಖಲೆಗಳನ್ನು ಮುಚ್ಚಿಡುವುದೂ ನ್ಯಾಯವೇ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಪ್ರಕರಣಗಳ ಎಫ್‌ಐಆರ್ ಜಾಲತಾಣಕ್ಕೆ ಹಾಕುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಬಹಿರಂಗ ಮಾಡುವುದೇ ಅಪರಾಧ. 18 ವರ್ಷದೊಳಗಿನ ಮಕ್ಕಳು ಕಾನೂನಿನ ಸಂಘರ್ಷಕ್ಕೆ ಬಿದ್ದರೆ ಅವರ ಗುರುತು ಯಾರೂ ಪ್ರಕಟಿಸಬಾರದು. ಚಾರ್ಜ್‌ಶೀಟನ್ನು ಎಲ್ಲರಿಗೂ ಕಾಣುವಂತೆ ಜಾಲತಾಣಕ್ಕೆ ಹಾಕಬೇಕಾಗಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಆರೋಪಿಗೆ ಅದರ ಪ್ರತಿ ಉಚಿತವಾಗಿ ಸಿಗಲೇಬೇಕು. ಹೊಸ ಸಂಹಿತೆಯಲ್ಲಿ ಅದಕ್ಕೆ ಅವನು ಕೋರ್ಟಿಗೆ ಹಾಜರಾದಂದಿನಿಂದ 14 ದಿನಗಳ ಮಿತಿ ಇದೆ.

ಕಾಗದ ಓದುವಾಗ ಮನಸ್ಸಿನಲ್ಲಿರಲಿ

ಈಗ ಮೊಬೈಲಿನಲ್ಲಿ ಹೆಸರು ಹಾಕಿ ಹುಡುಕುವುದು ಸುಲಭವಾಗಿದೆ. ಮದುವೆ ಮಾತುಕತೆ ಬಂದರೆ, ಬಾಡಿಗೆಗೆ ಮನೆ ಕೊಡುವಾಗ, ಕೆಲಸಕ್ಕೆ ಜನ ಸೇರಿಸುವಾಗ ಹುಡುಕಿ ನೋಡುವವರಿದ್ದಾರೆ. ನೋಡುವುದು ತಪ್ಪಲ್ಲ. ಆದರೆ ಮೂರು ವಿಷಯ ಮರೆಯಬಾರದು.

ಒಂದು, ಒಂದೇ ಹೆಸರಿನ ಹತ್ತು ಜನ ನಮ್ಮ ಊರುಗಳಲ್ಲಿ ಸಿಗುತ್ತಾರೆ. ತಂದೆಯ ಹೆಸರು, ವಯಸ್ಸು, ವಿಳಾಸ ಮೂರೂ ಕೂಡಿ ಬಂದರೆ ಮಾತ್ರ ಅದೇ ವ್ಯಕ್ತಿ ಎನ್ನಬಹುದು.

ಎರಡು, ದಸ್ತಗಿರಿ ಅಂದರೆ ಶಿಕ್ಷೆಯಲ್ಲ. ಎಫ್‌ಐಆರ್ ಎಂಬುದು ಒಬ್ಬರು ಹೇಳಿದ ದೂರು. ತನಿಖೆಯ ಕೊನೆಗೆ ಪೊಲೀಸರೇ 'ಬಿ' ರಿಪೋರ್ಟ್ ಹಾಕಿ ಕೇಸು ಮುಚ್ಚಲು ಕೇಳಿರಬಹುದು. ಕೋರ್ಟು ಖುಲಾಸೆ ಮಾಡಿರಬಹುದು. ಕೊನೆಯ ಆದೇಶ ಓದದೆ ಯಾರ ಮೇಲೂ ತೀರ್ಪು ಕೊಡಬಾರದು.

ಮೂರು, ದಸ್ತಗಿರಿಯ ಸುದ್ದಿ ಪತ್ರಿಕೆಯಲ್ಲಿ ಫೋಟೊ ಸಮೇತ ಬರುತ್ತದೆ, ವಾಟ್ಸಾಪಿನಲ್ಲಿ ಊರೆಲ್ಲ ತಿರುಗುತ್ತದೆ. ಖುಲಾಸೆಯ ಸುದ್ದಿ ಹೆಚ್ಚಾಗಿ ಬರುವುದೇ ಇಲ್ಲ. ಆ ಮನೆಯವರ ಕಪಾಟಿನಲ್ಲಿರುವ ಕಾಗದವೊಂದೇ ಅದಕ್ಕೆ ಸಾಕ್ಷಿ.

ವಾಯಿದೆ ತಪ್ಪಿದರೆ, ವಿದೇಶಕ್ಕೆ ಹೊರಟರೆ

ಕೇಸು ಇರುವಾಗಲೇ ಗಲ್ಫಿಗೆ ಹೋದವರು, "ಸಣ್ಣ ಕೇಸು, ಮುಗಿದಿರಬಹುದು" ಎಂದು ಸುಮ್ಮನಿದ್ದವರು ನಮ್ಮಲ್ಲಿ ಕಡಿಮೆಯಿಲ್ಲ. ವಾಯಿದೆಗೆ ಹೋಗದಿದ್ದರೆ ಕೋರ್ಟು ವಾರಂಟ್ ಹೊರಡಿಸುತ್ತದೆ. ಆರೋಪಿ ಸಿಗದಿದ್ದರೆ ಕೇಸು ಎಲ್‌ಪಿಸಿ ಪಟ್ಟಿಗೆ, ಅಂದರೆ ಬಹುಕಾಲ ಬಾಕಿ ಉಳಿದ ಪ್ರಕರಣಗಳ ಪಟ್ಟಿಗೆ ಸೇರುತ್ತದೆ. ಲುಕ್‌ಔಟ್ ಸುತ್ತೋಲೆಯೂ ಹೊರಟಿದ್ದರೆ ವರ್ಷಗಳ ನಂತರ ರಜೆಯಲ್ಲಿ ಬರುವಾಗ ವಿಮಾನ ನಿಲ್ದಾಣದಲ್ಲಿಯೇ ಹಿಡಿಯುತ್ತಾರೆ. ಮನೆಯವರು ಹೂವಿನ ಮಾಲೆ ಹಿಡಿದು ಹೊರಗೆ ಕಾಯುತ್ತಿರುತ್ತಾರೆ, ಅವನು ಒಳಗಿನಿಂದಲೇ ಠಾಣೆಗೆ ಹೋಗುತ್ತಾನೆ. ಐದು ನಿಮಿಷ ಸಿಎನ್‌ಆರ್ ಹಾಕಿ ನೋಡಿದ್ದರೆ ವಕೀಲರ ಮೂಲಕ ಮೊದಲೇ ಸರಿಪಡಿಸಬಹುದಿತ್ತು.

ಪಾಸ್‌ಪೋರ್ಟ್ ಬಗ್ಗೆಯೂ ತಪ್ಪು ತಿಳುವಳಿಕೆ ಇದೆ. ಎಫ್‌ಐಆರ್ ಇದೆ, ತನಿಖೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಅದು ಕೋರ್ಟಿನಲ್ಲಿ ಬಾಕಿ ಇರುವ ಕೇಸು ಆಗುವುದಿಲ್ಲ. ಕೋರ್ಟು ಅದನ್ನು ವಿಚಾರಣೆಗೆ ಅಂಗೀಕರಿಸಿದ ಮೇಲೆಯೇ ಹಾಗೆ ಎಂದು ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರಿನಲ್ಲಿ ತಿಳಿಸಿದೆ. ಕೇಸು ಬಾಕಿ ಇದ್ದರೂ ಅದೇ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಮುಚ್ಚಿಡುವುದು ಮಾತ್ರ ಬೇಡ. ಸುಳ್ಳು ಹೇಳಿದರೆ ಅದೇ ಇನ್ನೊಂದು ತೊಂದರೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಬಂಧನದಲ್ಲಿರುವವರ ಆದಾಯ ಎಷ್ಟೆಂದು ನೋಡುವುದಿಲ್ಲ. ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ, ತಾಲೂಕು ಕೋರ್ಟಿನಲ್ಲಿ ಸಮಿತಿ ಇದೆ. 15100 ಎಂಬ ಉಚಿತ ನಂಬರಿಗೂ ಫೋನ್ ಮಾಡಬಹುದು. "ನಾನು ಒಳಗಿನವರನ್ನು ನೋಡಿಕೊಳ್ತೇನೆ, ಇಷ್ಟು ಕೊಡಿ" ಎನ್ನುವ ದಲ್ಲಾಳಿಗಳಿಗೆ ಒಂದು ರೂಪಾಯಿ ಕೂಡ ಕೊಡಬೇಡಿ.

ಆರಂಭದಲ್ಲಿ ಹೇಳಿದ ಆ ತಾಯಿಯ ವಿಷಯ. ಮಗನಿಗೆ ಎರಡು ವಾರದ ನಂತರ ಜಾಮೀನು ಸಿಕ್ಕಿತು. ಕೇಸು ನಡೆದು ಕೊನೆಗೆ ಖುಲಾಸೆಯಾಯಿತು. ಅಷ್ಟು ಕಾಲ ಆಕೆ ಎಫ್‌ಐಆರ್, ಜಾಮೀನು ಆದೇಶ, ವಾಯಿದೆಯ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರು. ತೀರ್ಪಿನ ದೃಢೀಕೃತ ಪ್ರತಿ ಎರಡು ತೆಗೆಸಿಕೊಳ್ಳಿ ಎಂದು ನಾವು ಹೇಳಿದ್ದೆವು. ಕಳೆದ ವರ್ಷ ಮಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿ ಪೊಲೀಸ್ ಪರಿಶೀಲನೆ ಬಂದಾಗ ಹಳೆಯ ಕೇಸಿನ ಮಾತು ಎದ್ದಿತು. ಆಕೆ ಕವರು ಬಿಚ್ಚಿ ಆ ಪ್ರತಿ ತೆಗೆದುಕೊಟ್ಟರು. ಮಾತು ಅಲ್ಲಿಗೇ ಮುಗಿಯಿತು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಇಂಥ ಕಷ್ಟ ಬಂದರೆ ನಂಬರುಗಳನ್ನು ಬರೆದಿಡಿ, ಕಾಗದಗಳನ್ನು ಜೋಪಾನ ಮಾಡಿ, ಕೊನೆಯ ಆದೇಶದ ಪ್ರತಿ ತೆಗೆದಿಡಿ. ಈ ಹಾಳೆಯನ್ನು ಓದಿ ಆದ ಮೇಲೆ ಬಿಸಾಡದೆ ಇನ್ನೊಬ್ಬರಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇವೆ.