ಸೂಳಗಿರಿಯ ದಾರಿಗೆ ಯಾವ ಸೆಡಾನ್? ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು?

ಹೊಸೂರಿಗೂ ಕೃಷ್ಣಗಿರಿಗೂ ನಡುವೆ, ಶ್ರೀನಗರದಿಂದ ಕನ್ಯಾಕುಮಾರಿಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಸೂಳಗಿರಿ ಇದೆ. ತರಕಾರಿ ಹೊತ್ತ ವಾಹನಗಳು, ಹೊಸೂರಿನ ಕಾರ್ಖಾನೆಗಳಿಗೆ ನೌಕರರನ್ನು ಕರೆದೊಯ್ಯುವ ಬಸ್ಸುಗಳು, ದಕ್ಷಿಣಕ್ಕೆ ಧಾವಿಸುವ ಕಂಟೇನರ್ ಲಾರಿಗಳು, ಇವೆಲ್ಲವುಗಳ ನಡುವೆಯೇ ಇಲ್ಲಿನ ಕುಟುಂಬಗಳ ಕಾರುಗಳೂ ದಾರಿ ಮಾಡಿಕೊಳ್ಳಬೇಕು. ವಾರವಿಡೀ ಕೆಲಸ, ಶಾಲೆ, ಸಂತೆ. ರಜೆ ಬಂದರೆ ಧರ್ಮಸ್ಥಳ, ತಿರುವಣ್ಣಾಮಲೈ, ಏರ್ಕಾಡು. ಈ ಎರಡೂ ಬಗೆಯ ಓಡಾಟಕ್ಕೆ ಒಂದೇ ವಾಹನ ಸಾಕೆನ್ನುವವರು, ಅದು ಓಡಿಸುವುದಕ್ಕೂ ಹುರುಪು ತರುವಂತಿರಲಿ ಎಂದು ಬಯಸುವವರು, ಚುರುಕಿನ ಸೆಡಾನ್‌ ಕಾರುಗಳತ್ತ ಕಣ್ಣು ಹಾಯಿಸುವುದು ಸಹಜವೇ ಆಗಿದೆ.

ಎತ್ತರದ ಎಸ್‌ಯುವಿಗಳ ಈ ಕಾಲದಲ್ಲಿ ಸೆಡಾನ್‌ಗೆ ಬೆಲೆಯಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಸೆಡಾನ್‌ ನೆಲಕ್ಕೆ ಹತ್ತಿರವಾಗಿರುವುದರಿಂದ ತಿರುವುಗಳಲ್ಲಿ ಕಡಿಮೆ ವಾಲುತ್ತದೆ; ಗಾಳಿಯನ್ನು ಸುಲಭವಾಗಿ ಸೀಳುವುದರಿಂದ ಹೆದ್ದಾರಿಯಲ್ಲಿ ಇಂಧನ ಉಳಿಯುತ್ತದೆ. ಸಾಮಾನಿನ ಡಿಕ್ಕಿ ಪ್ರತ್ಯೇಕವಾಗಿರುವುದರಿಂದ ಐದು ಜನರ ಪ್ರವಾಸದ ಗಂಟುಮೂಟೆ ಯಾರ ತಲೆಯ ಹಿಂದೆಯೂ ತೂಗಾಡುವುದಿಲ್ಲ. ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್‌ ವರ್ಟಸ್‌ ಕಾರುಗಳ ಡಿಕ್ಕಿ 521 ಲೀಟರ್‌, ಹುಂಡೈ ವರ್ನಾದ್ದು 528 ಲೀಟರ್‌, ಹೋಂಡಾ ಸಿಟಿಯದು 506 ಲೀಟರ್‌. 2023ರಲ್ಲಿ ಗ್ಲೋಬಲ್‌ ಎನ್‌ಕ್ಯಾಪ್‌ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಸ್ಲಾವಿಯಾ, ವರ್ಟಸ್‌, ವರ್ನಾ ಮೂರೂ ಐದು ನಕ್ಷತ್ರಗಳನ್ನು ಪಡೆದವು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಮನೆಗೆ ಮೊದಲು ನೋಡಬೇಕಾದ ಅಂಕಿ ಇದೇ.

ಶಕ್ತಿಯ ವಿಚಾರದಲ್ಲಿ ಜಾಹೀರಾತಿನ ದೊಡ್ಡ ಅಂಕಿಗಿಂತ ಆ ಶಕ್ತಿ ಯಾವ ವೇಗದಲ್ಲಿ ದೊರೆಯುತ್ತದೆ ಎಂಬುದು ಮುಖ್ಯ. ಹೋಂಡಾ ಸಿಟಿಯ 1.5 ಲೀಟರ್‌ ಪೆಟ್ರೋಲ್‌ ಎಂಜಿನ್ನಿನ ಶಕ್ತಿ 121 ಪಿಎಸ್‌. ಅದರ ಗರಿಷ್ಠ ತಿರುಗುಬಲ, ಎಂದರೆ ಟಾರ್ಕ್‌, 145 ನ್ಯೂಟನ್‌ ಮೀಟರ್‌. ಆದರೆ ಅದು ಕೈಗೆ ಸಿಗಲು ಎಂಜಿನ್‌ ನಿಮಿಷಕ್ಕೆ 4,300 ಸುತ್ತು ತಿರುಗಬೇಕು. ಸ್ಲಾವಿಯಾ ಮತ್ತು ವರ್ಟಸ್‌ಗಳ 1.5 ಲೀಟರ್‌ ಟರ್ಬೊ ಎಂಜಿನ್ನಿನ ಶಕ್ತಿ 150 ಪಿಎಸ್‌. ಅದರ 250 ನ್ಯೂಟನ್‌ ಮೀಟರ್‌ ಬಲ 1,600 ಸುತ್ತುಗಳಿಗೇ ಒದಗುತ್ತದೆ. ತುಂಬಿದ ಕಾರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಅಷ್ಟು ಬೇಡವೆನ್ನುವವರಿಗೆ ಅವೇ ಕಾರುಗಳಲ್ಲಿ 115 ಪಿಎಸ್‌ ಶಕ್ತಿಯ 1.0 ಲೀಟರ್‌ ಟರ್ಬೊ ಎಂಜಿನ್ನೂ ಇದೆ. ದಿನವೂ ಸೂಳಗಿರಿಯಿಂದ ಹೊಸೂರಿಗೆ ಹೋಗಿಬರುವ ಕೆಲಸಕ್ಕೆ ಅದು ಧಾರಾಳವಾಗಿ ಸಾಲುತ್ತದೆ.

ಇನ್ನು ನೆಲದಿಂದ ಕಾರಿನ ತಳಕ್ಕಿರುವ ಅಂತರ. ಹೋಂಡಾ ಸಿಟಿಯಲ್ಲಿ ಇದು 165 ಮಿಲಿಮೀಟರ್‌, ಸ್ಲಾವಿಯಾ ಹಾಗೂ ವರ್ಟಸ್‌ಗಳಲ್ಲಿ 179. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯುಬ್ಬು 3.7 ಮೀಟರ್‌ ಅಗಲವಿದ್ದು ಕೇವಲ 10 ಸೆಂಟಿಮೀಟರ್‌ ಎತ್ತರವಿರಬೇಕು. ಆ ಅಳತೆಯ ಉಬ್ಬನ್ನು ಯಾವ ಸೆಡಾನ್‌ ಕೂಡ ನಿರಾಯಾಸವಾಗಿ ದಾಟುತ್ತದೆ. ಹಳ್ಳಿಯ ಒಳದಾರಿಗಳ ಕಡಿದಾದ ಉಬ್ಬುಗಳು ಈ ಅಳತೆಯನ್ನು ಪಾಲಿಸುವುದಿಲ್ಲವೆಂಬುದೇ ತೊಡಕು. ಐದು ಜನ ಕುಳಿತು ಡಿಕ್ಕಿ ತುಂಬಿದಾಗ ಕಾರು ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ದಿನನಿತ್ಯದ ದಾರಿಯಲ್ಲೇ ಪರೀಕ್ಷಾ ಓಟ ನಡೆಸುವುದು ಉಚಿತ.

ಗಡಿನಾಡಿನ ಕುಟುಂಬಗಳಿಗೆ ಇನ್ನೊಂದು ಆಕರ್ಷಣೆ ಬೆಂಗಳೂರಿನ ಹಳೆಯ ಕಾರುಗಳ ಮಾರುಕಟ್ಟೆ. ಅಲ್ಲಿ ಆಯ್ಕೆಯೇನೋ ಹೆಚ್ಚು. ಆದರೆ ‘ಕೆಎ’ ಫಲಕದ ಕಾರನ್ನು ಹಾಗೆಯೇ ಸೂಳಗಿರಿಯಲ್ಲಿ ವರ್ಷಗಟ್ಟಲೆ ಓಡಿಸುವಂತಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 47ನೆಯ ಕಲಮಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28, ಒಡೆತನದ ವರ್ಗಾವಣೆಗೆ ನಮೂನೆ 29 ಮತ್ತು 30, ಹಿಂದಿನ ಸಾಲ ತೀರಿದ್ದರೆ ಅದರ ಉಲ್ಲೇಖ ತೆಗೆಸಲು ನಮೂನೆ 35 ಬೇಕು. ತಮಿಳುನಾಡಿನ ವಾಹನ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಬೆಲೆ ಅಗ್ಗವೋ ಅಲ್ಲವೋ ತಿಳಿಯುವುದು.

ಹಳೆಯ ಚುರುಕಿನ ಸೆಡಾನ್‌ಗಳಲ್ಲಿ ಹಲವು ಮೊದಲೇ ಮಾರ್ಪಾಟುಗೊಂಡಿರುತ್ತವೆ. ಮೂಲ ಬಿಡಿಭಾಗಗಳನ್ನು ಮಾರಾಟಗಾರ ಒಪ್ಪಿಸದಿದ್ದರೆ, ಅವನು ಮಾಡಿಸಿದ ಬದಲಾವಣೆಯ ಹೊರೆ ಕೊಂಡವನ ಹೆಗಲೇರುತ್ತದೆ. ಈ ಹೊರೆ ಎಷ್ಟೆಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. ಅಧಿನಿಯಮದ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ಭಿನ್ನತೆ ಬರುವಂತೆ ವಾಹನವನ್ನು ಬದಲಿಸಕೂಡದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್‌ 2019ರ ಜನವರಿಯಲ್ಲಿ ಈ ಕಲಮಿನ ಕಟ್ಟುನಿಟ್ಟನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಕಾರಿನ ಬಣ್ಣ ಕೂಡ ನೋಂದಣಿ ಪತ್ರದಲ್ಲಿ ದಾಖಲಾಗಿರುವ ವಿವರವೇ. ಅದನ್ನು ಬದಲಿಸಿದರೆ ಪತ್ರದಲ್ಲಿಯೂ ತಿದ್ದಿಸಬೇಕು.

ಯುವಕರಿಗೆ ಅತಿಪ್ರಿಯವಾದ ಮಾರ್ಪಾಟು ಸೈಲೆನ್ಸರಿನ ಅಬ್ಬರ. ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ 190ನೆಯ ಕಲಮಿನಡಿ ಮೂರು ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿಯವರೆಗಿನ ದಂಡ ಅಥವಾ ಎರಡೂ ಬೀಳಬಹುದು. ಗಾಜಿನ ಕಪ್ಪಿನ ವಿಚಾರದಲ್ಲಿ 1989ರ ಕೇಂದ್ರ ನಿಯಮಗಳ 100ನೆಯ ನಿಯಮ ಗಮನಾರ್ಹ: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು.

ಟರ್ಬೊ ಎಂಜಿನ್ನಿನ ಕಂಪ್ಯೂಟರಿನ ಸೂಚನೆಗಳನ್ನು ತಿದ್ದಿ ಶಕ್ತಿ ಹೆಚ್ಚಿಸುವ ‘ರಿಮ್ಯಾಪ್‌’ ಹೊರಗೆ ಕಾಣದ ಮಾರ್ಪಾಟು. ಕಾಣದೆಂಬ ಕಾರಣಕ್ಕೆ ಅದು ನಿರಪಾಯಕಾರಿಯಲ್ಲ. ಕ್ಲಚ್ಚು, ಗೇರ್‌ಬಾಕ್ಸು, ಬ್ರೇಕು, ಹೊಗೆ ಶುದ್ಧಿಯ ಉಪಕರಣ ಇವೆಲ್ಲವೂ ಮೂಲ ಶಕ್ತಿಗೆ ತಕ್ಕಂತೆ ರಚಿತವಾದವು. ಕಂಪನಿಯ ವಾರಂಟಿಯೂ ಕೈಬಿಟ್ಟುಹೋಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ನಂತರದ ಸಮೀಕ್ಷೆಯಲ್ಲಿ ಬಯಲಾದರೆ, ಕಾರಿನ ಹಾನಿಯ ಪರಿಹಾರಕ್ಕೆ ತಕರಾರು ಏಳುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಕಾರಿಗೆ ಏನನ್ನೂ ಮಾಡಿಸಬಾರದೇ? ಮಾಡಿಸಬಹುದಾದುದು ಬಹಳಷ್ಟಿದೆ. ಹಣವನ್ನು ಮೊದಲು ಟೈರಿಗೆ ಹಾಕಬೇಕು. ರಸ್ತೆಯನ್ನು ಮುಟ್ಟುವ ಭಾಗ ಅದೊಂದೇ. ಈ ವರ್ಗದಲ್ಲಿ ಸಾಮಾನ್ಯವಾದ 205/55 ಆರ್‌16 ಟೈರಿನ ಅಗಲ 205 ಮಿಲಿಮೀಟರ್‌. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 55; ಚಕ್ರದ ವ್ಯಾಸ 16 ಇಂಚು. ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ ಸುಮಾರು 632 ಮಿಲಿಮೀಟರ್‌. 17 ಇಂಚಿನ ಚಕ್ರಕ್ಕೆ 225/45 ಹಾಕಿದರೆ ವ್ಯಾಸ 634ಕ್ಕೇರುತ್ತದೆ. ವೇಗಮಾಪಕ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. 215/50 ಹಾಕಿದರೆ 647 ಆಗುತ್ತದೆ, ಎಂದರೆ ಶೇ. 2ಕ್ಕೂ ಮಿಕ್ಕಿದ ಅಂತರ. ಮಾಪಕ ತೋರಿಸುವುದಕ್ಕಿಂತ ಕಾರು ವೇಗವಾಗಿ ಓಡುತ್ತಿರುತ್ತದೆ. ಪಕ್ಕದ ಗೋಡೆ ತಗ್ಗಿದಷ್ಟೂ ತಿರುವಿನಲ್ಲಿ ಹಿಡಿತ ಬಿಗಿಯಾಗುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ಸೊಟ್ಟಗಾಗುವ ಭಯವೂ ಹೆಚ್ಚುತ್ತದೆ. ಜಲ್ಲಿ ಲಾರಿಗಳು ಓಡಾಡುವ ಈ ಸೀಮೆಗೆ, ತಯಾರಕರು ಅನುಮೋದಿಸಿದ ಅಳತೆಯಲ್ಲೇ ಉತ್ತಮ ದರ್ಜೆಯ ಟೈರು ಕೊಳ್ಳುವುದು ವಿವೇಕ.

ಎರಡನೆಯದು ಬ್ರೇಕು. ಸೇಲಂ ಕಡೆಗೆ ಹೊರಟವರು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯನ್ನು ಇಳಿಯಬೇಕು. ಅಪಘಾತಗಳಿಗೆ ಕುಖ್ಯಾತವಾದ ಆ ದೀರ್ಘ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸಿಕೊಂಡು ಇಳಿಯುವುದು ಸರಿಯಾದ ಕ್ರಮ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಒಳ್ಳೆಯ ಪ್ಯಾಡುಗಳು, ಹೊಸ ದ್ರವ, ಚಕ್ರಗಳ ಅಲೈನ್‌ಮೆಂಟ್‌, ಸವೆದ ಶಾಕ್‌ ಅಬ್ಸಾರ್ಬರುಗಳ ಬದಲಿ, ಡ್ಯಾಶ್‌ ಕ್ಯಾಮೆರಾ: ಇವುಗಳಲ್ಲಿ ಯಾವುದೂ ನೋಂದಣಿ ಪತ್ರದ ವಿವರವನ್ನು ಬದಲಿಸುವುದಿಲ್ಲ. ಕಾರಿನ ನಡೆಯನ್ನು ಮಾತ್ರ ನಿಸ್ಸಂದೇಹವಾಗಿ ಉತ್ತಮಪಡಿಸುತ್ತವೆ.

ಮೂರನೆಯದು ಹಿಂದಿನ ಆಸನ. 14 ವರ್ಷದೊಳಗಿನ ಮಗುವಿಗೆ ಸೀಟ್‌ ಬೆಲ್ಟ್‌ ಅಥವಾ ಮಕ್ಕಳ ಸುರಕ್ಷಾ ಆಸನದ ರಕ್ಷಣೆ ಇಲ್ಲದಿದ್ದರೆ 194ಬಿ ಕಲಮಿನಂತೆ 1,000 ರೂಪಾಯಿ ದಂಡವಿದೆ. ದಂಡಕ್ಕಿಂತ ದೊಡ್ಡದು ಮಗುವಿನ ಜೀವ. ಅಲಾಯ್‌ ಚಕ್ರಕ್ಕೆ ತೆರುವ ಹಣದ ಒಂದು ಪಾಲು ಆ ಆಸನಕ್ಕೆ ಸಾಕು. ಹತ್ತನೆಯ ತರಗತಿ ಮುಗಿಸಿದ ಹುಡುಗನ ಆಸೆಯ ಕಣ್ಣು ಬೀಗದ ಕೈಯ ಮೇಲಿರುವ ಮನೆಗಳಲ್ಲಿ 199ಎ ಕಲಮನ್ನೂ ನೆನಪಿಡಬೇಕು. ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿಯಿಲ್ಲ.

ವೇಗದ ಆಸೆ ತಪ್ಪಲ್ಲ. ಅದಕ್ಕೆ ಬೇರೆ ಸ್ಥಳವಿದೆ. ಕೊಯಮತ್ತೂರಿನ ಬಳಿಯ ಕರಿ ಮೋಟಾರ್‌ ಸ್ಪೀಡ್‌ವೇ, ಚೆನ್ನೈ ಬಳಿ ಇರುಂಗಾಟ್ಟುಕೋಟೈಯ ಓಟದ ಪಥ ಎರಡೂ ತಮಿಳುನಾಡಿನಲ್ಲೇ ಇವೆ. ಅಲ್ಲಿ ಎದುರಿನಿಂದ ಟೊಮೆಟೊ ಗಾಡಿ ಬರುವುದಿಲ್ಲ, ಶಾಲೆಯ ಮಕ್ಕಳು ರಸ್ತೆ ದಾಟುವುದಿಲ್ಲ. ಸೂಳಗಿರಿಯ ಹೆದ್ದಾರಿಯಲ್ಲಿ ಇವೆರಡೂ ದಿನನಿತ್ಯದ ದೃಶ್ಯ. ಅಂಥ ದಾರಿಗೆ ಕಾರು ಆರಿಸುವವರು ಶಕ್ತಿಯನ್ನು ಕಾರ್ಖಾನೆಯಿಂದಲೇ ಬಂದಂತೆ ಕೊಂಡು, ಉಳಿದ ಹಣವನ್ನು ಟೈರು, ಬ್ರೇಕು, ಮಕ್ಕಳ ಆಸನಗಳಿಗೆ ವಿನಿಯೋಗಿಸಿದರೆ, ತಪಾಸಣೆಯ ಪೊಲೀಸರು ಕೈ ಅಡ್ಡ ಹಿಡಿದಾಗಲೂ ನೋಂದಣಿ ಪತ್ರವನ್ನು ನಿರಾತಂಕವಾಗಿ ಮುಂದೊಡ್ಡಬಹುದು.