ಮಂಕಾದ ಅಲ್ಯೂಮಿನಿಯಂಗೆ ಹೊಳಪು ಮರಳುವುದು ಹೇಗೆ?

ಪ್ರಶ್ನೆ: ಹಳೆಯ ಜಾಗ್ವಾರ್ ಕಾರುಗಳ ಎಂಜಿನ್ ಮೇಲಿನ ಅಲ್ಯೂಮಿನಿಯಂ ಮುಚ್ಚಳಗಳು ಮಂಕಾಗುವುದೇಕೆ? ಉಜ್ಜಿದರೆ ಮತ್ತೆ ಫಳಫಳ ಹೊಳೆಯುವುದು ಹೇಗೆ?

1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ಅಂದವೇ ಆ ಎರಡು ಉದ್ದನೆಯ ಮುಚ್ಚಳಗಳು. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಅದು ಪಾರದರ್ಶಕ, ಲೋಹಕ್ಕೆ ರಕ್ಷೆ ಕೂಡ. ಮಂಕಿಗೆ ಅದು ಕಾರಣವಲ್ಲ. ತೇವ, ಉಪ್ಪು ಸೇರಿದಾಗ ಆ ಪೊರೆ ಅಲ್ಲಲ್ಲಿ ಒಡೆದು ಲೋಹದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, ಬಿಳಿ ಪುಡಿ ಕೂರುತ್ತದೆ. ನಿಶ್ಚಲ ಕೆರೆಯಲ್ಲಿ ಮುಖ ಕಾಣುತ್ತದೆ, ಗಾಳಿಗೆ ಅಲೆಯೆದ್ದರೆ ಕಾಣದು. ಹಾಗೆಯೇ ಗುಳಿಬಿದ್ದ ಮೈಯಿಂದ ಬೆಳಕು ದಿಕ್ಕುದಿಕ್ಕಿಗೆ ಚದುರುತ್ತದೆ.

ಪಾಲಿಶ್ ಎಂದರೆ ಆ ಮೈಯನ್ನು ಸಮ ಮಾಡುವುದು. ಮೊದಲು ಸೀಮೆಎಣ್ಣೆಯಿಂದ ಜಿಡ್ಡು ತೊಳೆದು, 400, 800, 1200 ನಂಬರಿನ ವಾಟರ್ ಪೇಪರಿನಿಂದ ಒಂದಾದ ಮೇಲೊಂದರಂತೆ ಉಜ್ಜಬೇಕು. ಪ್ರತಿ ಪೇಪರೂ ಹಿಂದಿನದರ ಗೀರನ್ನು ಅಳಿಸಿ, ಇನ್ನೂ ಸಣ್ಣ ಗೀರು ಬಿಡುತ್ತದೆ. ಕೊನೆಗೆ ಬಟ್ಟೆಯ ಬಫ್, ಪಾಲಿಶ್. ಬೇಗ ಆಗಲೆಂದು ಕಾಸ್ಟಿಕ್ ಸೋಡಾ ಮಾತ್ರ ಸುರಿಯಬೇಡಿ. ಅದು ಬುರುಬುರು ನೊರೆಯೆಬ್ಬಿಸಿ ಲೋಹವನ್ನೇ ತಿನ್ನುತ್ತದೆ. ಮಿಶ್ರಲೋಹದಲ್ಲಿರುವ ಸಿಲಿಕಾನ್, ತಾಮ್ರ ಕರಗದೆ ಕಪ್ಪು ಮಸಿಯಾಗಿ ಉಳಿಯುತ್ತವೆ. ಇನ್ನೊಂದು ಮಾತು, ಮುಚ್ಚಳವನ್ನು ಬಿಚ್ಚಿಯೇ ಉಜ್ಜಿ: ಉಜ್ಜಿದ ಪುಡಿ ಆಯಿಲ್‌ಗೆ ಸೇರಿದರೆ ಬೇರಿಂಗ್ ಸವೆಯುತ್ತದೆ.